ಅರ್ಧ ವ್ಯಾಟಿನ ಧೈರ್ಯ

ಅರಸೀಕೆರೆಯ ಮಾವನಿಗಿದ್ದ, ಮನೆಯಲ್ಲೇ ಕೂತು ದೂರದೂರಿನವರ ಜೊತೆ ಮಾತಾಡುವ ಹ್ಯಾಮ್ ರೇಡಿಯೊ ಹುಚ್ಚು ಮೈಸೂರಿನ ಅಳಿಯನಿಗೂ ಹತ್ತಿತ್ತು. ಅವನು ಸ್ವಂತ ಕೈಯಿಂದ ಕಟ್ಟಿದ ಸೆಟ್ಟು ಐದು ವ್ಯಾಟ್ ಪವರ್ ಕೊಡಬೇಕಿತ್ತು. ಸ್ವಂತ ಕೈಯಿಂದಲೇ ಕಟ್ಟಿದ ಮೀಟರು ಅರ್ಧ ವ್ಯಾಟ್ ತೋರಿಸುತ್ತಿತ್ತು. ಟ್ರಾನ್ಸಿಸ್ಟರ್ ಬದಲಿಸಿದ, ಕಾಯಿಲ್ ಬಿಚ್ಚಿ ಮತ್ತೆ ಸುತ್ತಿದ. ಮೀಟರಿನ ಮುಳ್ಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಪರೀಕ್ಷೆಗೆಂದು ಮೈಕಿನ ಗುಂಡಿ ಒತ್ತಿ ಹಿಡಿದು ಬಾಯಿಗೆ ಬಂದದ್ದನ್ನು ಮಾತಾಡತೊಡಗಿದ.

"ಹಲೋ, ಟೆಸ್ಟಿಂಗ್. ನಮ್ಮ ಅತ್ತೆ ಮಾವ ಬಂದು ಮಲಗಿದ್ರೆ ಮಾವನ ಗೊರಕೆಗೆ ಕಿಟಕಿ ಗಾಜೆಲ್ಲ ನಡುಗುತ್ತೆ. ಅದಕ್ಕಿರೋ ಪವರ್ ಈ ಸೆಟ್ಟಿಗಿಲ್ಲ."

"ಅಪ್ಪನೂ ಈಗ ರೇಡಿಯೊ ಮುಂದೆ ಕೂತಿರ್ತಾರೆ. ಕೇಳಿಸಿದ್ರೆ?" ಎಂದಳು ಹೆಂಡತಿ.

"ಅರ್ಧ ವ್ಯಾಟ್ ಕಣೇ. ಪಕ್ಕದ ಮನೆ ತೆಂಗಿನಮರಾನೂ ದಾಟಲ್ಲ."

ಗೊರಕೆಯ ವರ್ಣನೆ ಮುಂದುವರಿಯಿತು. ಒಳಗೆ ಫೋನ್ ರಿಂಗಾಯಿತು. ಹೆಂಡತಿ ಹೋಗಿ ಮಾತಾಡಿ, ನಗು ತಡೆದುಕೊಂಡು ಬಂದಳು.

"ಅಪ್ಪ ಮಾಡಿದ್ರು. ನಿಮ್ಮ ಸೆಟ್ಟು ಚೆನ್ನಾಗಿದೆಯಂತೆ, ಕೆಟ್ಟಿರೋದು ಮೀಟರಂತೆ."

ಅವನು ಮೆಲ್ಲಗೆ ಮೈಕ್ ಕೆಳಗಿಟ್ಟ. "ಬೇರೇನೂ ಅನ್ನಲಿಲ್ವಾ?"

"ಅಂದ್ರು. ಗೊರಕೆ ಹೊಡೆಯೋದು ಅವರಲ್ಲವಂತೆ, ಅಮ್ಮ ಅಂತೆ."