ಹದ್ದಿನ ಛಾಪಿನ ಬಟ್ಟೆ

ಅತ್ತಿಗೆಯ ಅಂಗಡಿಯ ಮುಂದೆ ಹಾಡುಹಗಲೇ ಅಮೆರಿಕದ ಬಟ್ಟೆ ಇಳಿಯುತ್ತಿತ್ತು. ಕೂಲಿಗಳು ಗುರುತು ಸಿಗದಂತೆ ಮುಖಕ್ಕೆ ವಸ್ತ್ರ ಸುತ್ತಿಕೊಂಡಿದ್ದರು. ಆ ವರ್ಷ ಚೀನಾದ ಕ್ಯಾಂಟನ್ನಿನಲ್ಲಿ ಹದ್ದಿನ ಛಾಪಿನ ಥಾನು ಹೊತ್ತವನಿಗೆ ಕಟ್ಟಿಕೊಂಡ ಹೆಂಡತಿಯೂ ಅನ್ನ ಬಡಿಸುತ್ತಿರಲಿಲ್ಲ. ಬಣ್ಣಗಾರ ಸಿಂಗ್‌ಹೊಯ್ ನೀಲಿ ಮೆತ್ತಿದ ಕೈಯಲ್ಲೇ ಓಡಿಬಂದು ಬಾಗಿಲಿಗೆ ಅಡ್ಡ ನಿಂತ.

"ಅತ್ತಿಗೆ, ನಾಚಿಕೆ ಆಗಲ್ವಾ? ಅಣ್ಣನ್ನ ಕೊಂದವರ ಬಟ್ಟೆ ಇದು!"

"ದಾರಿ ಬಿಡು ಮೈದುನ," ಎಂದಳು ಸೌಕಿಂಗ್. "ಥಾನು ಕೆಸರಿಗೆ ಬಿದ್ರೆ ಕಷ್ಟ. ಒಂದು ಕಲೆನೂ ಆಗ್ಬಾರ್ದು."

ಅಣ್ಣ ಸಿಂಗ್‌ಫಾಯ್ ಅಮೆರಿಕದಲ್ಲಿ ಪರರ ಬಟ್ಟೆ ಒಗೆದು ಬದುಕಿದವನು. ಒಮ್ಮೆ ಊರಿಗೆ ಬಂದು ಮರಳಿದಾಗ, ಚೀನೀಯರು ಒಳಗೆ ಬರಕೂಡದೆಂಬ ಕಾನೂನು ತೋರಿಸಿ ಅವನನ್ನು ಬಂದರಿನ ಕೊಟ್ಟಿಗೆಯಲ್ಲಿ ಕೂಡಿಹಾಕಿದರು. ಜ್ವರ ಬಂತು, ಅಲ್ಲೇ ಸತ್ತ. ಈಗ ಆ ಮಣ್ಣಿನಿಂದ ಎತ್ತಿದ ಅವನ ಮೂಳೆಗಳು ಪೆಟ್ಟಿಗೆಯಲ್ಲಿ ಸಮುದ್ರ ದಾಟಿ ಬರುತ್ತಿದ್ದವು.

ಅದೇ ಅಮೆರಿಕದವರು ಪೀಕಿಂಗಿನಲ್ಲಿ ಕುಳಿತು ಚೀನಾದ ಬಾಗಿಲು ಎಲ್ಲ ವ್ಯಾಪಾರಿಗಳಿಗೂ ತೆರೆದಿರಬೇಕೆಂದು ಉಪದೇಶ ಮಾಡುತ್ತಿದ್ದರು. ಅವರ ಬಾಗಿಲಿಗೆ ಅಗುಳಿ, ನಮ್ಮ ಬಾಗಿಲು ಮಾತ್ರ ಹಾರುಹೊಡೆದಿರಬೇಕು! ಊರಿಗೆ ಊರೇ ರೊಚ್ಚಿಗೆದ್ದು ಅವರ ಬಟ್ಟೆ ಕೊಳ್ಳುವುದನ್ನು ನಿಲ್ಲಿಸಿತು. ಇಂಗ್ಲಿಷರು, ಜಪಾನಿನವರು, ಜರ್ಮನರು ಉರಿಯುವ ಮನೆಯಲ್ಲಿ ಗಳ ಹಿರಿಯಲು ತಮ್ಮ ತಮ್ಮ ಥಾನು ಹಿಡಿದು ಓಡಿಬಂದರು. ಅಮೆರಿಕದ ರಾಯಭಾರಿ ಪ್ರಾಂತ್ಯದ ದೊರೆಯ ಮೇಲೆ ಒತ್ತಡ ತಂದು ಗೋಡೆಯ ಮೇಲಿನ ಬಹಿಷ್ಕಾರದ ಭಿತ್ತಿಪತ್ರಗಳನ್ನೆಲ್ಲ ಕೀಳಿಸಿದ. ಕಿತ್ತರೇನು? ಜನ ಕೊಳ್ಳಲಿಲ್ಲ.

ಆಗ ಬಟ್ಟೆ ಕಂಪನಿಯ ಹೊಸ ಏಜೆಂಟ್ ಥರ್ಲೋ ಹೊಸ ಉಪಾಯದೊಂದಿಗೆ ಬಂದಿದ್ದ. ಥಾನು ಇಳಿಯುತ್ತಿದ್ದಂತೆ ದುಭಾಷಿ ಅವನ ಮಾತನ್ನು ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ.

"ಬಟ್ಟೆ ಪುಕ್ಕಟೆ ಅಮ್ಮ. ಊರಿಗೆಲ್ಲ ಹಂಚಿ. ಜನ ಅದನ್ನ ತೊಟ್ಟು ಬೀದಿಗೆ ಬರ್ಬೇಕು, ಬೆನ್ನ ಮೇಲೆ ಹದ್ದು ಕಾಣ್ಬೇಕು, ಅಷ್ಟೇ. ಇವರು ಫೋಟೋ ತೆಗೆಸಿ ನದಿಯುದ್ದಕ್ಕೂ ಎಲ್ಲ ಸಂತೆಗೂ ಕಳಿಸ್ತಾರಂತೆ."

ಬಾಗಿಲಲ್ಲೇ ನಿಂತಿದ್ದ ಸಿಂಗ್‌ಹೊಯ್‌ಗೆ ಅವರ ಹೂಟ ತಿಳಿಯಿತು. ಆ ಒಂದು ಫೋಟೋ ಸಾಕು, ಕ್ಯಾಂಟನ್ ಸೋತಿತೆಂದು ಉಳಿದ ಊರುಗಳೂ ಕೈಚೆಲ್ಲುತ್ತವೆ.

"ಆಗ್ಲಿ," ಎಂದಳು ಸೌಕಿಂಗ್. "ಬೆನ್ನ ಮೇಲೇ ಕಾಣುತ್ತೆ. ದಿನ ಮಾತ್ರ ನಾನು ಹೇಳ್ತೀನಿ."

ಬಟ್ಟೆ ಸಂಘದ ಯಜಮಾನ ಫಾನ್ ದುಭಾಷಿಯ ಎದುರೇ ನೆಲಕ್ಕೆ ಉಗಿದ. "ಕೇಳ್ಕೋ ಸಿಂಗ್‌ಹೊಯ್, ನಿಮ್ಮಣ್ಣನ ಪೆಟ್ಟಿಗೆ ಹಿಂದೆ ಈ ಬೀದಿಯ ನಾಯಿನೂ ಬರಲ್ಲ!"

ಆ ಮಾತು ಸಿಂಗ್‌ಹೊಯ್‌ನನ್ನು ಒಳಗೇ ಕೊರೆಯಿತು. ಪರದೇಶದಲ್ಲಿ ಅನಾಥನಾಗಿ ಸತ್ತವನು ಊರಲ್ಲೂ ಅನಾಥನಾಗಿ ಮಣ್ಣಿಗೆ ಹೋಗಬೇಕೇ?

"ನನ್ನ ಬಣ್ಣದ ತೊಟ್ಟಿಗೆ ಮಾತ್ರ ಇದನ್ನ ತರ್ಬೇಡ," ಎಂದ ಅತ್ತಿಗೆಗೆ.

"ತರಲ್ಲ ಬಿಡು."

ಬಿಳಿ ಥಾನು ನೀಲಿಗೋ ಕಪ್ಪಿಗೋ ತಿರುಗದೆ ಅಂಗಿಯಾಗದು. ಬೇರೆ ಬಣ್ಣಗಾರನನ್ನು ಹಿಡಿದಿರಬೇಕೆಂದು ಅವನು ಹಲ್ಲು ಕಡಿದ.

ಸೌಕಿಂಗ್ ಮನೆಮನೆಗೂ ಗಂಟು ಹೊತ್ತು ಹೋದಳು. ಉಗಿದ ಫಾನನ ಹೆಂಡತಿಯೇ ಹಿತ್ತಿಲ ಬಾಗಿಲಲ್ಲಿ ಕೈನೀಡಿ ಗಂಟು ಒಳಗೆಳೆದುಕೊಂಡದ್ದನ್ನು ಸಿಂಗ್‌ಹೊಯ್ ಕಣ್ಣಾರೆ ಕಂಡ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ! ಇಂಥವರನ್ನು ನಂಬಿ ಬಹಿಷ್ಕಾರ ಹೂಡಿದ್ದಕ್ಕೆ ತನ್ನನ್ನೇ ಹಳಿದುಕೊಂಡ.

ಥರ್ಲೋ ಮಾತ್ರ ಚಡಪಡಿಸುತ್ತಿದ್ದ. ಕೇಳಿದಾಗಲೆಲ್ಲ ಸೌಕಿಂಗ್‌ಳದು ಒಂದೇ ಉತ್ತರ: "ಇನ್ನೂ ದಿನ ಕೂಡಿ ಬಂದಿಲ್ಲ."

ಕೊನೆಗೆ ಪೆಟ್ಟಿಗೆ ಹೊತ್ತ ದೋಣಿ ಬಂತು. ಬೆಳಗ್ಗೆ ಸಿಂಗ್‌ಹೊಯ್ ಗೋಣಿಯಂಥ ಸೂತಕದ ಅಂಗಿ ತೊಟ್ಟು ಒಬ್ಬನೇ ದೋಣಿಕಟ್ಟೆಗೆ ಹೋದ. ನೋಡಿದರೆ ಅಲ್ಲಿ ಥರ್ಲೋ! ಪಕ್ಕದಲ್ಲಿ ದುಭಾಷಿ, ಮೂರು ಕಾಲಿನ ಕ್ಯಾಮೆರಾ. ಅಣ್ಣನ ಮೂಳೆ ಇಳಿಯುವ ಕಟ್ಟೆಯನ್ನೇ ಅತ್ತಿಗೆ ಇವರ ಮೆರವಣಿಗೆಗೆ ಗೊತ್ತುಮಾಡಿದ್ದಳು. ಅವನು ಬಗ್ಗಿ ಒಂದು ಕಲ್ಲು ಎತ್ತಿಕೊಂಡ.

ಬೀದಿಯ ತಿರುವಿನಲ್ಲಿ ಜನ ಕಾಣಿಸಿಕೊಂಡರು. ಮುಂದೆ ಸೌಕಿಂಗ್, ಹಿಂದೆ ಫಾನನ ಹೆಂಡತಿ, ಮೀನು ಮಾರುವವರು, ದೋಣಿಯ ಹೆಂಗಸರು, ಶಾಲೆಯ ಮಾಸ್ತರರು. ಎಲ್ಲರಿಗಿಂತ ಹಿಂದೆ ತಲೆತಗ್ಗಿಸಿ ಫಾನ್. ಎಲ್ಲರ ಮೈಮೇಲೂ ಅದೇ ಬಟ್ಟೆ, ಬೆನ್ನ ಮೇಲೆ ರೆಕ್ಕೆ ಬಿಚ್ಚಿದ ಹದ್ದು.

ಥರ್ಲೋ ಟೋಪಿ ಹಾರಿಸಿ ಕುಣಿದ. ಇನ್ನೊಂದು ಹಡಗು ಬಟ್ಟೆ ಕಳಿಸಿರೆಂದು ತಂತಿ ಕೊಡಲು ಆಳನ್ನು ಓಡಿಸಿದ.

ಜನ ಕ್ಯಾಮೆರಾ ದಾಟಿ ನೇರ ದೋಣಿಯ ಬಳಿಗೆ ನಡೆದರು. ಪೆಟ್ಟಿಗೆಯ ಮುಂದೆ ಒಟ್ಟಿಗೆ ಮಂಡಿಯೂರಿ ಗೊಳೋ ಎಂದು ಅತ್ತರು. ಸಿಂಗ್‌ಹೊಯ್‌ನ ಕೈಯ ಕಲ್ಲು ಜಾರಿ ಬಿತ್ತು.

"ನಿನಗೆ ಹೇಳಿದ್ರೆ ನೀನು ಇಷ್ಟು ಚೆನ್ನಾಗಿ ಬೈತಿರ್ಲಿಲ್ಲ ಮೈದುನ," ಎಂದಳು ಸೌಕಿಂಗ್, ಕಣ್ಣೊರೆಸಿಕೊಳ್ಳುತ್ತ. ಆಮೇಲೆ ದುಭಾಷಿಯ ಕಡೆ ತಿರುಗಿದಳು. "ನಿಮ್ಮ ದೊರೆಗೆ ಹೇಳು, ಹದ್ದು ಬೆನ್ನ ಮೇಲೇ ಇದೆ. ಫೋಟೋ ಎಲ್ಲ ಸಂತೆಗೂ ತಪ್ಪದೆ ಕಳಿಸ್ಲಿ."

ಇವರೆಲ್ಲ ಯಾಕೆ ಅಳುತ್ತಾರೆಂದು ಥರ್ಲೋ ಕೇಳಿದ. ದುಭಾಷಿಯ ಮುಖ ಬಿಳುಚಿಕೊಂಡಿತ್ತು.

"ಬಣ್ಣ ಕಾಣದ ಬಿಳಿ ಬಟ್ಟೆ ನಮ್ಮಲ್ಲಿ ಸತ್ತ ಮನೆಯವರು ಸೂತಕಕ್ಕೆ ಹಂಚೋದು ದೊರೆ, ಹೆಣದ ಹಿಂದೆ ಹೊರಟ ಈ ಹದ್ದನ್ನ ಇನ್ನು ಯಾವ ತಾಯಿನೂ ಮನೆ ಹೊಸ್ತಿಲು ದಾಟೋಕೆ ಬಿಡಲ್ಲ."