ಎರಡು ಚಿತ್ರಕ್ಕೂ ಒಂದೇ ಅಳತೆ

"ಮೇಡಂ, ಇದು ಬಣ್ಣದ ಆಟ. ಔಷಧಿ ಗುಣ ಅಲ್ಲ," ಎಂದಳು ಗುಬ್ಬಿ.

ಪ್ರಯೋಗಾಲಯದ ಮೇಡಂ ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟರು. ಇನ್ನೊಂದು ಗಂಟೆಗೆ ಔಷಧ ಕಂಪನಿಯವರ ಮುಂದೆ ಸಭೆ. ತಮ್ಮ ಕೈಕೆಳಗೆ ಸಂಶೋಧನೆ ಮಾಡುವ, ಅಂಗೈಯಗಲದ ಈ ಹುಡುಗಿ ಈಗ ಬಂದು ಹೀಗೆನ್ನುತ್ತಿದ್ದಾಳೆ.

ತಲೆ ನರೆಯುವವರೆಗೂ ಮೇಡಂ ಬೆನ್ನು ಬಿದ್ದಿದ್ದ ಔಷಧಿ ಅದು, ಭಯ ಕಳೆಯುವಂಥದ್ದು. ಪರೀಕ್ಷೆ ಮೀನುಗಳ ಮೇಲೆ. ಹೆದರಿದ ಮೀನು ತೊಟ್ಟಿಯ ಅಂಚಿಗೆ ಅಂಟಿಕೊಳ್ಳುತ್ತದೆ, ಧೈರ್ಯ ಬಂದರೆ ನಡುವಿಗೆ ಈಜುತ್ತದೆ. ಮೇಲಿನ ಕ್ಯಾಮೆರಾ ಕಂಡದ್ದನ್ನು ಸಾಫ್ಟ್‌ವೇರ್ ಬಣ್ಣದ ನಕ್ಷೆ ಮಾಡಿಕೊಡುತ್ತಿತ್ತು: ಮೀನು ಹೆಚ್ಚು ಹೊತ್ತು ಇದ್ದಲ್ಲಿ ಕೆಂಪು, ಸುಳಿಯದಲ್ಲಿ ನೀಲಿ. ಔಷಧಿ ಪಡೆದ ಮೀನುಗಳ ನಕ್ಷೆಯ ನಡುಭಾಗ ಕೆಂಡದಂತೆ ಹೊಳೆದಿತ್ತು, ಉಳಿದವುಗಳದ್ದು ಬರೀ ನೀಲಿ. ಆ ದಿನ ಮೇಡಂ ಕಾಲು ನೆಲದ ಮೇಲಿರಲಿಲ್ಲ. "ನಿನ್ನ ತವರಿನವರು ಕೊನೆಗೂ ಬಾಯಿಬಿಟ್ಟರಲ್ಲ," ಎಂದು, ಮೀನುಗಳನ್ನು ಅವರ ತವರಿನವರೆಂದೇ ಕರೆಯುತ್ತಿದ್ದ ಗಂಡ ಛೇಡಿಸಿದ್ದರು. ಲೆಕ್ಕಾಚಾರ ಇನ್ನೂ ಬಾಕಿಯಿದ್ದರೂ ಚಿತ್ರ ಮಾತ್ರ ಕಂಪನಿಗೆ ಹೋಗಿಬಿಟ್ಟಿತ್ತು.

ಗುಬ್ಬಿಗೆ ವಹಿಸಿದ್ದು ಸಣ್ಣ ಕೆಲಸ. ಕೆಂಪು ಹಸಿರು ಗುರುತಿಸಲಾಗದವರಿಗೂ ಕಾಣುವಂತೆ ಬಣ್ಣ ಬದಲಿಸಬೇಕು, ಮೇಲೊಂದು ಪದರದಲ್ಲಿ ಮೀನು ಓಡಾಡಿದ ಜಾಡನ್ನು ಗೆರೆಯಾಗಿ ಹಾಸಬೇಕು. ಗೆರೆ ಹಾಸಿದಾಗಲೇ ಅವಳಿಗೆ ಅನುಮಾನ ಬಂದಿತ್ತು: ಎರಡೂ ತೊಟ್ಟಿಗಳ ನಡುಭಾಗದಲ್ಲಿ ಗೆರೆಗಳು ಒಂದೇ ಸಮ. ಸಾಫ್ಟ್‌ವೇರ್ ಪ್ರತಿ ಚಿತ್ರಕ್ಕೂ ಬೇರೆಬೇರೆ ಅಳತೆ ಹಿಡಿದಿತ್ತು: ಆಯಾ ತೊಟ್ಟಿಯಲ್ಲಿ ಮೀನು ಅತಿ ಹೆಚ್ಚು ಹೊತ್ತು ಇದ್ದ ಜಾಗಕ್ಕೇ ಕಡು ಕೆಂಪು. ಔಷಧಿಯಿಲ್ಲದ ತೊಟ್ಟಿಯಲ್ಲಿ ಒಂದು ಸೋಮಾರಿ ಮೀನು ಮೂಲೆ ಬಿಟ್ಟು ಕದಲಿರಲಿಲ್ಲ. ಕೆಂಪೆಲ್ಲ ಆ ಮೂಲೆಗೇ ಸೇರಿ ಉಳಿದ ಜಾಗ ನೀಲಿಯಾಗಿತ್ತು. ಎರಡಕ್ಕೂ ಒಂದೇ ಅಳತೆ ಕೊಟ್ಟೊಡನೆ, ಆ ಮೂಲೆಯೊಂದು ಬಿಟ್ಟರೆ, ಎರಡು ಚಿತ್ರಗಳೂ ಅವಳಿ ಮಕ್ಕಳಂತಾದವು.

ಮೇಡಂ ತಾವೇ ಮೌಸ್ ಹಿಡಿದು ಮಾಡಿ ನೋಡಿದರು. ಅವಳಿಗಳು ಅವಳಿಗಳಾಗಿಯೇ ಉಳಿದವು. ಮೇಡಂ ಕಿಟಕಿಯತ್ತ ತಿರುಗಿ ನಿಂತರು.

"ಇದನ್ನ ನನ್ನ ಹತ್ರ ಹೇಳೋಕೆ ಹೆದರಿಕೆ ಆಗ್ಲಿಲ್ವಾ?"

"ಆಯ್ತು. ಅದಕ್ಕೇ ಮತ್ತೆ ಮತ್ತೆ ಮಾಡಿ ನೋಡ್ಕೊಂಡು ಬಂದೆ."

ಮೇಡಂ ಕಣ್ಣೊರೆಸಿಕೊಂಡು ಈ ಕಡೆ ತಿರುಗಿದರು. "ಹಾಗಾದ್ರೆ ಸಭೇಲಿ ನೀನೇ ಮಾತಾಡು."

ಗುಬ್ಬಿ ಮಾತಾಡಿದಳು. ಹಳೆಯ ಚಿತ್ರಗಳನ್ನೂ ಹೊಸವನ್ನೂ ಪಕ್ಕಪಕ್ಕ ಇಟ್ಟು, ಹಳೆಯದು ಏಕೆ ತಪ್ಪೆಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಬಂದವರ ಮುಖ ಬಾಡಿತು. ಪ್ರಶ್ನೆಗಳು ಚೂಪಾದವು. ಹಿಂದಿನ ಸಾಲಿನಲ್ಲಿ ಮೇಡಂ ಪಕ್ಕ ಕೂತಿದ್ದ ಹಿರಿಯ ಪ್ರಾಧ್ಯಾಪಕರು ಮರುಕದಿಂದ ಬಾಗಿ, ಆ ಹುಡುಗಿ ಇದನ್ನು ಮೊದಲೇ ನಿಮ್ಮ ಕಿವಿಗೆ ಹಾಕಿದ್ದರೆ ಸಭೆಯನ್ನಾದರೂ ಮುಂದೂಡಬಹುದಿತ್ತು ಎಂದರು.

"ಹಾಕಿದ್ಲು," ಎಂದರು ಮೇಡಂ. "ಮುಂದೂಡೋದು ಬೇಡ ಅಂದ್ಕೊಂಡೋಳು ನಾನೇ."

ಮುಂದೆ ಯಾರೋ ದನಿಯೇರಿಸಿ ಇನ್ನೊಂದು ಪ್ರಶ್ನೆ ಎಸೆದರು. ಮೇಡಂ ನೆರವಿಗೆಂದು ಕುರ್ಚಿಯಿಂದ ಅರ್ಧ ಎದ್ದರು. ಗುಬ್ಬಿ ಅವರತ್ತ ನೋಡಲೇ ಇಲ್ಲ; ಪ್ರಶ್ನೆ ಕೇಳಿದವರ ಮುಖವನ್ನೇ ನೆಟ್ಟಗೆ ನೋಡುತ್ತ ಉತ್ತರ ಶುರುಮಾಡಿದ್ದಳು. ಮೇಡಂ ಮೆಲ್ಲಗೆ ಕೂತು, ಕಾಲಮೇಲೆ ಕಾಲು ಹಾಕಿಕೊಂಡರು.