ಬಾಯಿ ತುಂಬ ನೀರು

ಮಾಲೀಕನ ದನಿ ಕೇಳಿದರೆ ಸಾಕು, ಯಾವ ಕಾರಾದರೂ ತಾನಾಗಿಯೇ ಹೊರಟುಬಿಡುತ್ತಿತ್ತು. ಹಾಗೆಂದು ಅವನನ್ನು ಮನೆಗೆ ಕಳಿಸಿದರೆ ಬಾನೆಟ್ಟೇ ತೆರೆಯುತ್ತಿರಲಿಲ್ಲ. ಅದಕ್ಕೇ ಬ್ಯಾಡಗಿಯ ಗ್ಯಾರೇಜುಗಳಲ್ಲಿ ಗಿರಾಕಿಯ ಕೈಗೆ ಮೊದಲು ಒಂದು ಲೋಟ ನೀರು ಕೊಡುತ್ತಿದ್ದರು.

"ಬಾಯಾಗ ಹಿಡ್ಕೊಂಡು ಕುಂದರ್ರಿ ಯಜಮಾನ್ರ. ಕೆಲಸ ಮುಗಿಯೋತನಕ ನುಂಗಬ್ಯಾಡ್ರಿ," ಎಂದ ಮೇಸ್ತ್ರಿ ದಾದಾಪೀರ, ಜಾಕ್ ಏರಿಸಿ ಕಾರಿನಡಿ ತೂರಿಕೊಂಡ.

ಗಿರಾಕಿ ಮುರಿಗೆಪ್ಪ ಮೆಣಸಿನಕಾಯಿ ಹರಾಜು ಕೂಗುವವನು. ಗಂಟಲು ಸುಮ್ಮನಿದ್ದರೆ ಅವನ ಕಾಲು ಸುಮ್ಮನಿರುತ್ತಿರಲಿಲ್ಲ. ಕೂತ, ಎದ್ದ, ಕಾರಿನ ಸುತ್ತ ನಾಲ್ಕು ಸಲ ತಿರುಗಿದ. ಐದನೆಯ ಸಲ ಕಣ್ಣಿಗೆ ಬಿತ್ತು: ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಜಾಕ್ ಹೂತು ವಾಲುತ್ತಿತ್ತು.

ಕೂಗಿದರೆ ಕಾರು ಓಡುತ್ತದೆ. ಕೂಗದಿದ್ದರೆ ಬೀಳುತ್ತದೆ. ಹೊರಗೆ ಚಾಚಿದ್ದ ದಾದಾಪೀರನ ಕಾಲುಗಳ ಮೇಲೆ ಮುರಿಗೆಪ್ಪ ಬಾಯಲ್ಲಿದ್ದ ನೀರನ್ನೆಲ್ಲ ಪುರ್ರನೆ ಉಗುಳಿದ.

"ಯಾವನಲೇ ಉಗುಳಿದಾಂವ!" ದಾದಾಪೀರ ರೇಗಿ ಹೊರಗೆ ಜಾರಿಬಂದ. ಬೆನ್ನ ಹಿಂದೆಯೇ ಕಾರು ಧಡ್ಡನೆ ಕೂತಿತು.

ಮುರಿಗೆಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ.

ದಾದಾಪೀರ ತಿರುಗಿ ಹೂತ ಜಾಕ್ ನೋಡಿದ. ಆಮೇಲೆ ಜಾಕಿನಡಿಗೆ ದಪ್ಪ ಹಲಗೆ ಇಟ್ಟ. ಮತ್ತೊಂದು ಲೋಟ ನೀರು ತಂದ.

"ತುಂಬ್ಕೋರಿ ಯಜಮಾನ್ರ," ಎಂದ. "ಈ ಸಲ ನನ್ನ ಕಾಲ ಹತ್ರನ ನಿಂದರ್ರಿ."